ಎಮ್ಮೆ ಚರ್ಮಕ್ಕೆ ವಿಭೂತಿ

ನಿಂಗರಾಜ ಮಹಾ ಶಿವಭಕ್ತನೆಂದು ಬಿಟಿಎಂ ಎರಡನೇ ಹಂತದಲ್ಲಿ ಹೆಸರಾದದ್ದು ಒಂದೂವರೆ ಅಡಿ ಎಮ್ಮೆ ಚರ್ಮದ ದೆಸೆಯಿಂದ. ಇದರಲ್ಲಿ ತನ್ನ ತಪ್ಪೇನೂ ಇರಲಿಲ್ಲ ಎಂದು ಅವನು ಈಗಲೂ ಹೇಳುತ್ತಾನೆ. ಮುಕ್ಕಾಲು ಪಾಲು ತಪ್ಪು ಅವನದೇ ಎಂದು ಹೆಂಡತಿ ಭಾಗ್ಯಜ್ಯೋತಿ ಹೇಳುತ್ತಾಳೆ. ಗಂಡ ಹೆಂಡತಿ ಜಗಳದಲ್ಲಿ ಮೂಗು ತೂರಿಸಬಾರದು ನಿಜ, ಆದರೂ ಕೇಳಿದರೆ ನಾನು ಹೆಂಡತಿಯ ಕಡೆಗೇ ಕೈ ಎತ್ತುತ್ತೇನೆ.

ಅದು ಎರಡು ಸಾವಿರದ ಒಂದನೇ ಇಸವಿ. ಗಜೇಂದ್ರಗಡದ ಕಡೆಯ ನಿಂಗರಾಜ ಜಯನಗರದ ಒಂದು ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಕೂತು ಲಕೋಟೆಗಳನ್ನು ತೂಗಿ ಚೀಟಿ ಹರಿದುಕೊಡುವ ಕೆಲಸದಲ್ಲಿದ್ದ. ಭಾಗ್ಯಜ್ಯೋತಿಗೂ ಒಂದು ಆಫೀಸಿನಲ್ಲಿ ಟೈಪಿಂಗ್ ಕೆಲಸ. ಬಾಡಿಗೆಯ ಎರಡು ಕೋಣೆ, ಮೊದಲನೇ ಮಹಡಿ. ಯುಗಾದಿ ಕಳೆದ ಮೇಲೆ ಅವನ ತಾಯಿ ಮುರಿಗೆವ್ವ ಒಂದು ಟ್ರಂಕು ಹೊತ್ತುಕೊಂಡು ಬಂದಳು. ಹಿಂದಿನ ಶ್ರಾವಣದಲ್ಲಿ ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಅದೇ ಮೊದಲ ಸಲ ಬಂದದ್ದು. ಟ್ರಂಕಿನೊಳಗೆ ಅವಳ ನಾಲ್ಕು ಇಳಕಲ್ ಸೀರೆ, ಶಿವಯೋಗ ಮಂದಿರದ ಒಂದು ಡಜನ್ ವಿಭೂತಿ ಗಟ್ಟಿ, ಶೇಂಗಾ ಚಟ್ನಿಪುಡಿಯ ಡಬ್ಬಿ, ಮತ್ತು ಹಳೇ ಧೋತರದ ತುಂಡಿನಲ್ಲಿ ಸುತ್ತಿದ ಒಂದು ಕ್ಷೌರದ ಕತ್ತಿ.

ಕತ್ತಿ ಅಪ್ಪನದು. ಕೊಂಬಿನ ಹಿಡಿಯೊಳಕ್ಕೆ ಮಡಚಿಕೊಳ್ಳುವ, ಉದ್ದ ಅಲಗಿನ, ಸೊಲ್ಲಾಪುರದಿಂದ ತಂದ ಕತ್ತಿ. ಹತ್ತಿ ಮಿಲ್ಲಿನ ಗೇಟಿನಲ್ಲಿ ನಸುಕಿಗೇ ಹಾಜರಿಗೆ ನಿಲ್ಲಬೇಕಾಗಿದ್ದ ಅಪ್ಪ, ಊರವರಂತೆ ವಾರಕ್ಕೊಮ್ಮೆ ಕ್ಷೌರಿಕನ ಮುಂದೆ ಕೂರದೆ ದಿನಾ ತಾನೇ ಕೆರೆದುಕೊಳ್ಳುತ್ತಿದ್ದ. ಅವನ ಗಲ್ಲ ಕೂತ ನೊಣ ಜಾರುವಷ್ಟು ನುಣುಪು ಎಂದು ಊರಲ್ಲಿ ಮಾತಿತ್ತು. ಮನೆ, ಎತ್ತು ಅಣ್ಣನಿಗಿರಲಿ, ಇದು ನಿನಗೆ ಎಂದು ಮುರಿಗೆವ್ವ ಗಂಟನ್ನು ಮಗನ ಕೈಗಿಟ್ಟಳು. ವರ್ಷದ ಪುಣ್ಯತಿಥಿಯ ದಿನ ಈ ಕತ್ತಿಯಿಂದಲೇ ಗಡ್ಡ ಕೆರೆದುಕೊಳ್ಳಬೇಕೆಂದು ನಿಂಗರಾಜ ಅಂದೇ ಮನಸ್ಸಿನಲ್ಲಿ ಅಂದುಕೊಂಡ. ತಿಥಿ ಬಂದದ್ದು ಶ್ರಾವಣದ ಮೂರನೇ ಸೋಮವಾರ.

ಮುರಿಗೆವ್ವ ಬಂದ ಮೇಲೆ ಮನೆಗೆ ಕಳೆ ಬಂದಿತ್ತು. ಸಂಜೆ ಏಳಕ್ಕೆ ಇಬ್ಬರೂ ಬಸ್ಸಿನಲ್ಲಿ ಜಜ್ಜಿಹೋಗಿ ಬಂದರೆ ಒಳಗೆ ದೀಪ ಉರಿಯುತ್ತಿತ್ತು, ಜೋಳದ ರೊಟ್ಟಿ ಬಡಿಯುವ ಸದ್ದು ಮೆಟ್ಟಿಲಿಗೇ ಕೇಳುತ್ತಿತ್ತು. ಭಾಗ್ಯಜ್ಯೋತಿಯಂತೂ ಮದುವೆಯಾಗಿ ಮೂರು ವರ್ಷದಲ್ಲಿ ಮೊದಲ ಸಲ ದಪ್ಪಗಾಗಿದ್ದಳು. ಆದರೆ ಮುರಿಗೆವ್ವನಿಗೆ ಒಂದು ಕೊರಗು. ಲಿಂಗಪೂಜೆಯಿಲ್ಲದೆ ಒಂದು ತೊಟ್ಟು ನೀರೂ ಮುಟ್ಟದ ಹೆಂಗಸು ಅವಳು. ಕೊರಳಲ್ಲಿರಬೇಕಾದ ಮಗನ ಇಷ್ಟಲಿಂಗ ಕಪಾಟಿನಲ್ಲಿ ಕರ್ಚೀಫುಗಳ ಕೆಳಗೆ ಮಲಗಿತ್ತು.

"ಈ ಮನಿಯಾಗ ಎದ್ದ ಕೂಡ್ಲೆ ಹಲ್ಲುಜ್ಜೂ ಬ್ರಷ್ ಹುಡುಕ್ತಾರ, ಲಿಂಗ ಯಾರೂ ಹುಡುಕಂಗಿಲ್ಲ" ಎಂದು ಒಂದು ದಿನ ಅಂದಳು. ತಿಥಿಯ ಹಿಂದಿನ ವಾರ ಊರಿಗೆ ಹೋಗುತ್ತೇನೆ, ಆಮೇಲೆ ಅಲ್ಲೇ ದೊಡ್ಡವನ ಮನೆಯಲ್ಲಿ ಇದ್ದುಬಿಡುತ್ತೇನೆ ಎಂದೂ ಅಂದಳು.

ಅವ್ವ ಹೋಗುವುದು ನಿಂಗರಾಜನಿಗೆ ಸುತರಾಂ ಬೇಕಿರಲಿಲ್ಲ. ಆದರೆ ತಾಯಿಗೆ ಇರು ಎನ್ನುವ ಎರಡಕ್ಷರ ನಮ್ಮ ಗಂಡಸರ ಗಂಟಲಿನಿಂದ ಯಾಕೆ ಹೊರಡುವುದಿಲ್ಲವೋ ಆ ಶಿವನಿಗೇ ಗೊತ್ತು. ಅವನು ಇರು ಎನ್ನಲಿಲ್ಲ. ಕಿಟಕಿ ಸೀಟು ಬೇಕೋ ಎಂದು ಕೇಳಿದ. ಮೆಜೆಸ್ಟಿಕ್ಕಿಗೆ ಹೋಗಿ ಕಿಟಕಿ ಸೀಟೇ ಕಾದಿರಿಸಿ ಬಂದ. ಬಸ್ಸಿನಲ್ಲಿ ವಾಪಸು ಬರುವಾಗ ಅವನಿಗೆ ಅಳು ಬಂದಿತ್ತು ಎಂಬುದು ಭಾಗ್ಯಜ್ಯೋತಿಗೆ ಮಾತ್ರ ಗೊತ್ತು.

ಅವ್ವ ಹೋಗುವ ಮೊದಲು ಮೊಂಡಾದ ಕತ್ತಿಯಾದರೂ ಸರಿಯಾಗಲಿ ಎಂದು ಅದನ್ನು ಬಿಳೇಕಹಳ್ಳಿಯ ವೆಂಕಟಸ್ವಾಮಿಯ ಸಲೂನಿಗೆ ಒಯ್ದ. ವೆಂಕಟಸ್ವಾಮಿಯ ಗೋಡೆಯ ಮೇಲೆ ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಎಂಬ ಬೋರ್ಡು ನೇತಾಡುತ್ತಿತ್ತು. ಏಡ್ಸ್ ಗಲಾಟೆ ಶುರುವಾದ ಮೇಲೆ ಹಳೆಯ ಕತ್ತಿಗಳನ್ನೆಲ್ಲ ಅವನು ಗುಜರಿಗೆ ಹಾಕಿದ್ದ. ಅಪ್ಪನ ಕತ್ತಿಯನ್ನು ಕೈಗೆ ತೆಗೆದುಕೊಂಡವನು ಹಳೇ ಗೆಳೆಯ ಸಿಕ್ಕವನ ಹಾಗೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಕತ್ತಿ ಸಖತ್ತಾಗಿದೆ ಸಾರ್. ಕಲ್ಲಿಗೆ ನಾನು ಹಾಕಿಕೊಡ್ತೀನಿ. ಆದ್ರೆ ದಿನಾ ಚರ್ಮದ ಪಟ್ಟಿಗೆ ಎಳೀದಿದ್ರೆ ಇದು ಟೊಮೆಟೊನೂ ಕೊಯ್ಯಲ್ಲ. ಪಟ್ಟಿ ಈಗ ಎಲ್ಲೂ ಸಿಗಲ್ಲ, ನೀವೇ ಮಾಡ್ಕೋಬೇಕು."

ನಿಮ್ಮ ತಂದೆಯ ಹತ್ತಿರವೂ ಒಂದು ಪಟ್ಟಿ ಇದ್ದೇ ಇರುತ್ತೆ, ಹುಡುಕಿ ಎಂದೂ ಹೇಳಿದ. ಅವ್ವನನ್ನು ಕೇಳಿ ಹುಡುಕುವ ಮಾತೇ ಇರಲಿಲ್ಲ. ಯಾಕೆಂದರೆ ಮುರಿಗೆವ್ವನ ಮುಂದೆ ಚರ್ಮದ ಹೆಸರೆತ್ತುವ ಹಾಗಿಲ್ಲ. ಚಪ್ಪಲಿ ಬಿಡಿ, ನಿಂಗರಾಜನ ಬೆಲ್ಟು ಕೂಡ ಹೊಸ್ತಿಲಿನ ಆಚೆ ಮೊಳೆಗೆ ನೇತಾಡಬೇಕು. ಒಂದು ಸಲ ಮರೆತು ಬೆಲ್ಟು ಕಟ್ಟಿಕೊಂಡೇ ಅಡುಗೆಮನೆಗೆ ಹೋಗಿದ್ದಕ್ಕೆ ಅವಳು ಮಾಡಿಟ್ಟ ಹುಳಿಯನ್ನೆಲ್ಲ ಚೆಲ್ಲಿ ಮತ್ತೆ ಮಾಡಿದ್ದಳು. ಪೂಜೆಯ ಮನೆಯಲ್ಲಿ ಸತ್ತ ದನದ ತೊಗಲೇ ಎಂಬುದು ಅವಳ ಪ್ರಶ್ನೆ.

ಹಾಗಾಗಿ ಕೆಲಸವೆಲ್ಲ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಹಿಂದೆ. ಮೆಟ್ಟಿಲು ಕಡಿದಾದ್ದರಿಂದ ಮಂಡಿನೋವಿನ ಮುರಿಗೆವ್ವ ಅತ್ತ ಹಾಯುತ್ತಿರಲಿಲ್ಲ. ಮೊದಲು ಫುಟ್‌ಪಾತಿನಲ್ಲಿ ಒಂದು ಬೆಲ್ಟು ತಂದ. ಅಪ್ಪಟ ಚರ್ಮ ಎಂದು ಮಾರಿದವನು ತಾಯಾಣೆ ಹಾಕಿದ್ದ. ಎರಡು ಸಲ ಕತ್ತಿ ಎಳೆದದ್ದೇ ತಡ, ಬೆಲ್ಟಿನ ಕರೀ ಪೊರೆ ಸುಲಿದು ಅಲಗಿಗೆ ಅಂಟಿತು. ಒಳಗಿದ್ದದ್ದು ಬಟ್ಟೆ, ಮೇಲಿದ್ದದ್ದು ರೆಗ್ಜಿನ್. ಆ ತಾಯಿಯ ಗತಿ ಏನಾಯಿತೋ.

ಆಮೇಲೆ ಹೋದದ್ದು ಹೊಳೆಪ್ಪನ ಹತ್ತಿರ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮರದಡಿ ಕೂತು ಇಪ್ಪತ್ತು ವರ್ಷದಿಂದ ಚಪ್ಪಲಿ ಹೊಲಿಯುವ ಹೊಳೆಪ್ಪ, ಕೆಲಸ ಗೊತ್ತಿಲ್ಲದವರನ್ನು ಕಂಡರೆ ಸಿಡಿಮಿಡಿಗೊಳ್ಳುವ ಮನುಷ್ಯ. ಕತ್ತಿಗೆ ಪಟ್ಟಿ ಎಂದ ಕೂಡಲೇ ಮುಖ ಅರಳಿತು. ಹೊಟ್ಟೆಯ ಕಡೆ ಚರ್ಮ ಎಳೆದ ಹಾಗೆಲ್ಲ ಹಿಗ್ಗುತ್ತದೆ, ಬೆನ್ನಿನದೇ ಆಗಬೇಕು ಎಂದು ಹೇಳಿ ಎಮ್ಮೆಯ ಬೆನ್ನಿನ ಚರ್ಮದಲ್ಲಿ ಎರಡು ಪಟ್ಟಿ ಕೊಯ್ದುಕೊಟ್ಟ. ಎರಡು ಯಾಕೆ ಎಂದು ನಿಂಗರಾಜ ಕೇಳಿದ. ಒಂದನ್ನು ಹಾಳುಮಾಡೋಕೆ ಎಂದ ಹೊಳೆಪ್ಪ, ನಗದೆ.

ಅವನು ಹೇಳಿದ್ದನ್ನು ನಿಂಗರಾಜ ಚಾಚೂ ತಪ್ಪದೆ ಮಾಡಿದ. ನೀರಿನಲ್ಲಿ ನೆನೆಸಿದ, ಹಲಗೆಯ ಮೇಲೆ ಎಳೆದು ನಾಲ್ಕೂ ಅಂಚಿಗೆ ಮೊಳೆ ಹೊಡೆದ, ಬಿಸಿಲು ತಾಗದ ಹಾಗೆ ಎರಡು ದಿನ ಒಣಗಿಸಿದ. ಹರಳೆಣ್ಣೆ ಸವರಿ ಗಾಜಿನ ಬಾಟಲಿಯನ್ನು ಚಪಾತಿ ಲಟ್ಟಿಸುವ ಹಾಗೆ ಉರುಳಿಸಿ ಉರುಳಿಸಿ ಚರ್ಮವನ್ನು ಸಪಾಟು ಮಾಡಿದ. ಕಡೆಗೆ ಅಂಟು ಹಚ್ಚಿ ಹಲಗೆಗೆ ಕೂರಿಸಿದ. ನೋಡಲು ಬಹಳ ಚೆಂದವಿತ್ತು. ಆಮೇಲೆ ಅಡುಗೆಮನೆಯ ಚಾಕುವನ್ನು ಕಲ್ಲಿಗೆ ಮಸೆಯುವ ಹಾಗೆ ಅಲಗಿನ ಬಾಯಿಯನ್ನು ಮುಂದೆ ಮಾಡಿ ಜೋರಾಗಿ ಎಳೆದ. ಕತ್ತಿ ಚರ್ಮದೊಳಕ್ಕೆ ಇಳಿದು ಪಟ್ಟಿಯನ್ನು ಎರಡು ಹೋಳು ಮಾಡಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಂಗರಾಜನೂ ಎಮ್ಮೆಯನ್ನೇ ಬೈದ. ವೆಂಕಟಸ್ವಾಮಿಯ ಬಳಿ ಹೋಗಿ ಕೇಳಿಕೊಂಡು ಬಂದ ಮೇಲೆ ತಿಳಿಯಿತು: ಕತ್ತಿಯ ದಪ್ಪ ಬೆನ್ನು ಮುಂದೆ, ಬಾಯಿ ಹಿಂದೆ. ತುದಿಗೆ ಬಂದಾಗ ಕತ್ತಿಯನ್ನು ಎತ್ತದೆ, ಬೆನ್ನಿನ ಮೇಲೆಯೇ ಹೊರಳಿಸಿ ವಾಪಸು ತರಬೇಕು. ಹಲಗೆಗೆ ಕೂರಿಸಿದ ಎರಡನೇ ಪಟ್ಟಿ ಹಾಗೆ ಎಳೆದದ್ದರಿಂದ ಉಳಿಯಿತು.

ಆದರೂ ಕತ್ತಿ ಹರಿತವಾಗಲಿಲ್ಲ. ಪಟ್ಟಿಗೆ ಏನಾದರೂ ನುಣ್ಣನೆಯ ಪುಡಿ ಹಚ್ಚಬೇಕು, ನಮ್ಮಪ್ಪ ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಸೋಸಿ ಹಚ್ಚುತ್ತಿದ್ದ ಎಂದು ವೆಂಕಟಸ್ವಾಮಿ ಹೇಳಿದ. ಬಿಟಿಎಂ ಲೇಔಟಿನಲ್ಲಿ ಒಲೆ ಎಲ್ಲಿಂದ ಬರಬೇಕು? ಬೀದಿಗೆ ಬೀದಿಯೇ ಗ್ಯಾಸಿನ ಮೇಲೆ ಬದುಕಿತ್ತು. ಊದುಬತ್ತಿಯ ಬೂದಿ ಸಂಗ್ರಹಿಸಿ ನೋಡಿದ, ಒಂದು ಚಮಚವೂ ಆಗಲಿಲ್ಲ. ಬೂದಿ ಬೂದಿ ಎಂದು ಕನವರಿಸುತ್ತ ಮನೆಯೆಲ್ಲ ಹುಡುಕಿದವನ ಕಣ್ಣು ಕೊನೆಗೆ ದೇವರ ಗೂಡಿನ ಮೇಲೆ ನಿಂತಿತು. ಅಲ್ಲಿ ಅವ್ವನ ವಿಭೂತಿ ಗಟ್ಟಿಗಳು ಸಾಲಾಗಿ ಕೂತಿದ್ದವು. ಸುಟ್ಟು, ನೆನೆಸಿ, ಸೋಸಿ, ಮತ್ತೆ ಸೋಸಿ ಮಾಡಿದ ಬೂದಿ, ಟಾಲ್ಕಂ ಪೌಡರಿಗಿಂತ ನಯ.

ತಪ್ಪಾಯಿತಪ್ಪಾ ಶಿವನೇ ಎಂದು ಒಂದು ಗಟ್ಟಿ ಎತ್ತಿದ. ಎಮ್ಮೆ ಚರ್ಮಕ್ಕೆ ಮೂರು ಪಟ್ಟೆ ಎಳೆದು ಬೆರಳಿನಿಂದ ತಿಕ್ಕಿದ. ಕತ್ತಿಯನ್ನು ನಲವತ್ತು ಸಲ ಎಳೆದು ಮುಂಗೈಗೆ ತಾಗಿಸಿದ, ಕೂದಲು ಮುಟ್ಟುವ ಮೊದಲೇ ಉದುರಿತು. ಸಂತೋಷಕ್ಕೆ ತಾರಸಿಯ ಮೇಲೆ ಒಂದು ಸುತ್ತು ಓಡಿದ. ಅಂದಿನಿಂದ ದಿನಾ ನಸುಕಿನಲ್ಲಿ ಮೇಲೆ ಹೋಗುವುದು, ಕೈ ಪಳಗಿಸಿಕೊಳ್ಳುವುದು. ಹೊಸಬನ ಕೈ, ಹಚ್ಚಿದ್ದಕ್ಕಿಂತ ಚೆಲ್ಲಿದ್ದೇ ಜಾಸ್ತಿ. ಹತ್ತು ದಿನದಲ್ಲಿ ಮೂರು ಗಟ್ಟಿ ಕರಗಿದವು.

ಈಗ ಕಥೆಯ ಇನ್ನೊಂದು ತುದಿ ಹಿಡಿಯೋಣ. ಕೆಳಮನೆಯ ಅಲಮೇಲು, ಮನೆಯ ಒಡತಿ, ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ತಾರಸಿಗೆ ಹೋದರು. ಟ್ಯಾಂಕಿನ ಹಿಂದೆ ನಿಂಗರಾಜ ಬೆನ್ನು ಹಾಕಿ ಚಕ್ಕಳಮಕ್ಕಳ ಕೂತಿದ್ದ. ತಲೆ ಬಾಗಿಸಿದ್ದ, ತೋಳು ಲಯವಾಗಿ ಆಡುತ್ತಿತ್ತು, ಮೊಣಕೈವರೆಗೆ ವಿಭೂತಿ. ಅಲಮೇಲು ಸದ್ದಿಲ್ಲದೆ ಬಕೆಟ್ಟು ಹಿಡಿದು ಹಿಂದಿರುಗಿದರು. ಇಳಿದು ಬಂದವರೇ ಮುರಿಗೆವ್ವನ ಎರಡೂ ಕೈ ಹಿಡಿದುಕೊಂಡು, ತಾರಸಿಯಲ್ಲಿ ಗುಟ್ಟಾಗಿ ಶಿವಪೂಜೆ ಮಾಡುವ ಇಂಥ ಮಗನನ್ನು ಹೆತ್ತ ನೀವೇ ಧನ್ಯ ಎಂದರು. ಮಧ್ಯಾಹ್ನದೊಳಗೆ ಬೀದಿಯ ನಾಲ್ಕು ಮನೆಗೆ ಸುದ್ದಿ ಮುಟ್ಟಿತು. ತರಕಾರಿ ಗಾಡಿಯವನೂ ಮರುದಿನ ನಿಂಗರಾಜನಿಗೆ ಕೈ ಮುಗಿದ.

ಅವತ್ತು ಸಂಜೆ ಮುರಿಗೆವ್ವ ಮಗನಿಗೆ ರೊಟ್ಟಿಯ ಮೇಲೆ ಎರಡು ಚಮಚ ಹೆಚ್ಚು ತುಪ್ಪ ಹಾಕಿದಳು. ತಿಥಿ ಇಲ್ಲೇ ಮಾಡೋಣ ಎಂದಳು. ಮಗ ಹೀಗೆ ದಾರಿಗೆ ಬಂದಿರುವಾಗ ತಾನು ಊರಿಗೆ ಹೋಗಿ ಮಾಡುವುದೇನು, ಟಿಕೆಟ್ಟು ರದ್ದು ಮಾಡಿಸಿಬಿಡು ಎಂದಳು.

ನಿಂಗರಾಜನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮರುದಿನ ಅರ್ಧ ದಿನ ರಜೆ ಹಾಕಿ ಮೆಜೆಸ್ಟಿಕ್ಕಿನ ಸಾಲಿನಲ್ಲಿ ನಿಂತು ಟಿಕೆಟ್ಟು ರದ್ದು ಮಾಡಿಸಿದ. ಸಾಲಿನಲ್ಲಿ ಮುಂದಿದ್ದವನಿಗೆ ಕಾರಣವಿಲ್ಲದೆ ಟೀ ಕುಡಿಸಿದ. ವಾಪಸು ಬಸ್ಸು ಹತ್ತುವಾಗ ಮಾತ್ರ ಲೆಕ್ಕ ಹೊಳೆಯಿತು. ಅವ್ವ ಉಳಿದದ್ದು ತನ್ನ ಭಕ್ತಿಗೆ. ಭಕ್ತಿ ಎಂಬುದು ಟ್ಯಾಂಕಿನ ಹಿಂದೆ ಹಲಗೆಗೆ ಅಂಟಿಕೊಂಡಿತ್ತು. ಎಮ್ಮೆಯ ತೊಗಲಿಗೆ ವಿಭೂತಿ ಬಳಿದದ್ದು ಗೊತ್ತಾದರೆ ಅವಳು ಆ ಮನೆಯಲ್ಲಿ ಇನ್ನೊಂದು ಹೊತ್ತು ಊಟ ಮಾಡುವುದಿಲ್ಲ, ನಿಂತ ಕಾಲಿನಲ್ಲಿ ಬಸ್ಸು ಹತ್ತುತ್ತಾಳೆ, ಮತ್ತೆ ಯಾವತ್ತೂ ಬರುವುದಿಲ್ಲ. ಇದನ್ನು ನೆನೆದು ಅವನು ತುಪ್ಪದ ರೊಟ್ಟಿಯನ್ನೂ ಅರ್ಧಕ್ಕೇ ಬಿಟ್ಟ.

ಅಷ್ಟಕ್ಕೇ ನಿಂತಿದ್ದರೆ ಸುಧಾರಿಸಬಹುದಿತ್ತು. ಮುರಿಗೆವ್ವ ಬನಶಂಕರಿಯ ಕಡೆಯಿಂದ ಒಬ್ಬ ಜಂಗಮ ಅಯ್ಯನವರನ್ನು ಗೊತ್ತುಮಾಡಿಸಿದಳು. ಸೋಮವಾರ ಒಂಬತ್ತಕ್ಕೆ ಅವರ ಪಾದಪೂಜೆ, ಪೂಜೆಗೆ ಕೂರುವವನು ನಿಂಗರಾಜ, ಕೇರಿಯವರಿಗೆಲ್ಲ ಪ್ರಸಾದ. ಲಿಂಗ ಕೈಯಲ್ಲಿ ಹಿಡಿದು ಮೊದಲು ಏನು ಮಾಡಬೇಕೆಂಬುದೇ ಅವನಿಗೆ ಮರೆತುಹೋಗಿತ್ತು. ಭಾಗ್ಯಜ್ಯೋತಿ ಪ್ರತಿದಿನ ಕಿವಿಯಲ್ಲಿ ಹೇಳಿದಳು, ಈಗಲೇ ಹೇಳಿಬಿಡಿ, ಅಯ್ಯನವರ ಮುಂದೆ ಮಾನ ಹೋಗುವುದಕ್ಕಿಂತ ಅವ್ವನ ಮುಂದೆ ಹೋಗಲಿ. ಪೂಜೆ ಮುಗಿಯಲಿ ಎನ್ನುತ್ತಿದ್ದ ಅವನು. ಕಳ್ಳನ ಮನಸ್ಸು ಹುಳ್ಳುಳ್ಳಗೆ, ಅವ್ವ ಕೆಮ್ಮಿದರೂ ಬೆಚ್ಚುತ್ತಿದ್ದ.

ಸೋಮವಾರ ಬೆಳಕು ಹರಿಯುವಾಗ ನಿಂಗರಾಜ ಕನ್ನಡಿ, ಸೋಪು, ಬ್ರಷ್ಷು ಹಿಡಿದು ತಾರಸಿಗೆ ಹೋದ. ಕನ್ನಡಿಯನ್ನು ಟ್ಯಾಂಕಿಗೆ ಆನಿಸಿದ, ಮುಖದ ತುಂಬ ಬುರುಗು ಹಚ್ಚಿಕೊಂಡ, ಹಲಗೆಯನ್ನು ತೊಡೆಯ ಮೇಲಿಟ್ಟು ಕತ್ತಿ ಎಳೆಯತೊಡಗಿದ. ಹನ್ನೆರಡೋ ಹದಿಮೂರೋ ಸಲ ಎಳೆದಿರಬೇಕು, ಹಿಂದೆ ಏದುಸಿರು ಕೇಳಿಸಿತು.

ಮುರಿಗೆವ್ವ ನಿಂತಿದ್ದಳು. ಸ್ನಾನ, ಪೂಜೆ ಮುಗಿಸಿ, ಹಣೆಗೆ ತೋಳಿಗೆ ವಿಭೂತಿ ಧರಿಸಿ, ಆ ಕಡಿದಾದ ಮೆಟ್ಟಿಲನ್ನು ಒಂದೊಂದೇ ಹತ್ತಿ ಬಂದಿದ್ದಳು.

ಹಲಗೆಯನ್ನು ಬಚ್ಚಿಡಲು ಜಾಗವಿರಲಿಲ್ಲ. ಬಿಳಿ ಬಳಿದ ಚರ್ಮ ಬೆಳಗಿನ ಬೆಳಕಿನಲ್ಲಿ ಎದ್ದು ಕಾಣುತ್ತಿತ್ತು. ನಿಂಗರಾಜ ಎದ್ದು ನಿಂತು ಒಂದೇ ಉಸಿರಿನಲ್ಲಿ ಎಲ್ಲ ಒದರಿಬಿಟ್ಟ: ವೆಂಕಟಸ್ವಾಮಿ, ಬೆಲ್ಟು, ಹೊಳೆಪ್ಪ, ಎಮ್ಮೆಯ ಬೆನ್ನು, ಮೂರು ಗಟ್ಟಿ, ಕರ್ಚೀಫಿನ ಕೆಳಗಿರುವ ಲಿಂಗ. ತಾನು ಒಂದು ದಿನವೂ ಪೂಜೆ ಮಾಡಿಲ್ಲ ಎಂದ. ಅಲಮೇಲು ಆಂಟಿ ಕಂಡದ್ದು ಇದನ್ನೇ ಎಂದ. ಬುರುಗಿನೊಳಗಿಂದ ಅವನ ಎರಡು ಕಣ್ಣು ಮಾತ್ರ ಪಿಳಿಪಿಳಿ ಎನ್ನುತ್ತಿದ್ದವು.

ಮುರಿಗೆವ್ವ ಮಗುಚಿಟ್ಟಿದ್ದ ಬಕೆಟ್ಟಿನ ಮೇಲೆ ಕೂತು ಸುಧಾರಿಸಿಕೊಂಡಳು.

"ಮೂರ ಗಟ್ಟಿ ವಿಭೂತಿ ಖರ್ಚಾಗೈತಿ, ನಿನ್ನ ಹಣಿ ಮ್ಯಾಲ ಒಂದ್ ಗೆರಿ ಇಲ್ಲ. ಅಷ್ಟೂ ತಿಳಿಯಂಗಿಲ್ಲೇನೋ ನನಗ? ಎಣ್ಣಿ ಹಚ್ಚಿದ ತೊಗಲಿನ ವಾಸನಿ ಅಂಗಿಗೆ ಹೊಡೀತಿತ್ತು."

ಅವಳು ಕೈ ಚಾಚಿದಳು, ಅವನು ಕತ್ತಿ ಕೊಟ್ಟ. ಹಲಗೆಯನ್ನು ಮಾತ್ರ ಕಾಲಿನಿಂದ ಅತ್ತ ಸರಿಸಿದಳು, ಅದು ಇಲ್ಲೇ ಇರಲಿ, ಕೆಳಗೆ ತರಬೇಡ ಎಂದಳು. ಎಡಗೈಯನ್ನು ಅಗಲವಾಗಿ ಬಿಚ್ಚಿ ಬೆರಳುಗಳನ್ನು ಹಿಂದಕ್ಕೆ ಬಾಗಿಸಿದಳು. ಧರಿಸಿ ಉಳಿದ ವಿಭೂತಿ ಅಂಗೈಯಲ್ಲಿ ಇನ್ನೂ ಬೆಳ್ಳಗಿತ್ತು. ಮಗ ಅಯ್ಯೋ ಅನ್ನುವಷ್ಟರಲ್ಲಿ ಕತ್ತಿಯನ್ನು ಅದರ ಮೇಲಿಟ್ಟು ಎಳೆದಳು. ಬೆನ್ನು ಮುಂದೆ, ಬಾಯಿ ಹಿಂದೆ. ಬೆರಳ ಬುಡದಲ್ಲಿ ಎತ್ತದೆ ಹೊರಳಿಸಿ ವಾಪಸು, ಮತ್ತೆ ಮುಂದಕ್ಕೆ. ಕೈ ನೋಡದೆ, ಅವನ ಮುಖ ನೋಡುತ್ತ, ರೊಟ್ಟಿ ತಿರುವಿ ಹಾಕುವಷ್ಟೇ ಸಲೀಸಾಗಿ.

ಅಪ್ಪನ ಹತ್ತಿರ ಯಾವ ಪಟ್ಟಿಯೂ ಇರಲಿಲ್ಲವಂತೆ. ಚರ್ಮ ಮನೆಯೊಳಗೆ ತರಬೇಡಿ ಎಂದು ಮದುವೆಯಾದ ಹೊಸದರಲ್ಲಿ ಇವಳೇ ಹಟ ಹಿಡಿದಿದ್ದಳು. ಹಾಗಾದರೆ ಕತ್ತಿ ಮಸೆಯುವುದು ಹೇಗೆ ಎಂದು ಅಪ್ಪ ಕೇಳಿದ್ದಕ್ಕೆ ತನ್ನ ಕೈ ಒಡ್ಡಿದ್ದಳು. ಮಿಲ್ಲಿನಲ್ಲಿ ಹತ್ತಿಯ ಅಂಡಿಗೆ ಮೂಟೆ ಎತ್ತಿ ಅವನ ಕೈ ಕಲ್ಲಾಗಿತ್ತು, ರೊಟ್ಟಿ ಬಡಿದ ಇವಳ ಕೈ ಗಟ್ಟಿಯಾಗಿಯೂ ನುಣುಪಾಗಿಯೂ ಇತ್ತು. ಪೂಜೆ ಮುಗಿದ ಕೂಡಲೆ ಉಳಿದ ವಿಭೂತಿಯಲ್ಲೇ ದಿನಾ ಇಪ್ಪತ್ತು ಸಲ ಎಳೆದು ಕೊಡುತ್ತಿದ್ದಳು, ಮೂವತ್ತೆರಡು ವರ್ಷ. ಮಕ್ಕಳು ಏಳುವುದರೊಳಗೆ ಎಲ್ಲ ಮುಗಿದಿರುತ್ತಿತ್ತು. ನಿಂಗರಾಜ ಬಗ್ಗಿ ನೋಡಿದ. ಅವ್ವನ ಅಂಗೈಯಲ್ಲಿ ಅಡ್ಡಡ್ಡಕ್ಕೆ ಕೂದಲೆಳೆಯಂಥ ಸಣ್ಣ ಸಣ್ಣ ಗೆರೆಗಳಿದ್ದವು. ಇಷ್ಟು ವರ್ಷ ಆ ಕೈಯಿಂದ ಉಂಡವನು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

"ಎಲ್ಲ ಗೊತ್ತಿದ್ದು ಮತ್ತ ಟಿಕೆಟ್ ಯಾಕ ರದ್ದ ಮಾಡ್ಸಿದಿ ಅವ್ವಾ?" ಎಂದು ಕೇಳಿದ.

ಕತ್ತಿ ಎಳೆಯುವ ಕೈ ನಿಂತಿತು.

"ಹೋಗಾಕ ನನಗ ಮನಸಿರಲಿಲ್ಲೋ. ಹೋಗ್ತೀನಿ ಅಂದಾಗ ನೀ ಬ್ಯಾಡ ಅಂತಿ ಅಂದ್ಕೊಂಡಿದ್ದೆ. ನೀ ಕಿಟಕಿ ಸೀಟ್ ಕೇಳಿದಿ. ಇರಾಕ ಒಂದ್ ನೆವ ಬೇಕಿತ್ತು, ಕೆಳಗಿನಾಕಿ ಬಂದ್ ಹೇಳಿದ್ಲು, ಹಿಡಕೊಂಡೆ."

ನಿಂಗರಾಜ ಅಲ್ಲೇ, ಅವಳ ಕಾಲ ಬಳಿ, ತಾರಸಿಯ ನೆಲದ ಮೇಲೆ ಕೂತುಬಿಟ್ಟ. ಹೇಳಬೇಕಾದ್ದು ಎರಡೇ ಮಾತು, ಅದಕ್ಕೆ ಅವನು ಎರಡು ಸಲ ಕೆಮ್ಮಬೇಕಾಯಿತು.

"ಹೋಗಬ್ಯಾಡವ್ವ. ಇಲ್ಲೇ ಇರು."

ಮುರಿಗೆವ್ವ ಅಲಗನ್ನು ಸೆರಗಿಗೆ ಒರೆಸಿ ಕತ್ತಿಯನ್ನು ಅವನ ಕೈಗಿಟ್ಟಳು.

"ಇರ್ತೀನಿ ತಗೋ. ಪೂಜಿ ಹೆಂಗಂತ ನಾ ಹೇಳಿಕೊಡ್ತೀನಿ. ಮೊದ್ಲ ಆ ಬುರುಗು ಒಣಗೂದ್ರಾಗ ಕೆರಕೋ."